ಬಿಳಿ ಗೆರೆಯಾಚೆ ನಾಲ್ಕು ಚಕ್ರ

ಮೂರು ವರ್ಷದ ಹಿಂದಿನ ಮಾತು. ಮಲೆನಾಡಿನ ಕಾಫಿ ತೋಟಗಳ ನಡುವಿನ ಒಂದು ಅಲ್ಟ್ರಾ ಓಟಕ್ಕೆ ಗೆಳೆಯನ ಕ್ರೂ ಆಗಿ ಹೋಗಿದ್ದೆ. ರಾತ್ರಿ ಹನ್ನೊಂದರ ಹೊತ್ತು, ಸಣ್ಣಗೆ ಮಳೆ. ಎರಡು ಗಾಡಿ ಎದುರುಬದುರಾದರೆ ಒಂದು ಚರಂಡಿಗಿಳಿಯಬೇಕಾದಂಥ ರಸ್ತೆ. ಅದರ ಅಂಚಿಗೆ ನಾವೆಲ್ಲ ಕಾರು ನಿಲ್ಲಿಸಿಕೊಂಡು, ಫ್ಲಾಸ್ಕಿನಲ್ಲಿ ಗಂಜಿ, ಕೈಯಲ್ಲಿ ಒಣ ಕಾಲುಚೀಲ ಹಿಡಿದು ಕಾಯುತ್ತಿದ್ದೆವು. ಮೇಲಿನ ತಿರುವಿನಲ್ಲಿ ಒಬ್ಬಾಕೆ ಕಾಲು ಉಳುಕಿ ಕೂತುಬಿಟ್ಟಿದ್ದಾಳೆ, ಮೈ ನಡುಗುತ್ತಿದೆ ಎಂದು ಸುದ್ದಿ ಬಂತು. ಹೊರಟ ಆಂಬುಲೆನ್ಸು ನಮ್ಮ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಒಂದೊಂದನ್ನೇ ರಿವರ್ಸ್ ತೆಗೆಸಿ ದಾರಿ ಬಿಡಿಸುವಷ್ಟರಲ್ಲಿ ನಲವತ್ತು ನಿಮಿಷ. ಅಷ್ಟೂ ಹೊತ್ತು ಆಕೆಯನ್ನು ಕಾಪಾಡಿದ್ದು ತೋಟದ ಲೈನ್ ಮನೆಯವರ ಕಂಬಳಿ. ಆ ಸಾಲಿನ ಮೂರನೆಯ ಕಾರು ನನ್ನದು.

ಅಂದಿನಿಂದ ಯಾವ ಓಟದ ನಿಯಮಾವಳಿ ಕೈಗೆ ಸಿಕ್ಕರೂ ಮೊದಲು ಕ್ರೂ ಬಗೆಗಿನ ಪುಟ ತೆಗೆಯುತ್ತೇನೆ. ಆ ಪುಟ ಹೇಗಿರಬೇಕೆಂದು ತಿಳಿಯಲು ಕ್ಯಾಲಿಫೋರ್ನಿಯಾದ ಬ್ಯಾಡ್‌ವಾಟರ್ 135 ನೋಡಬೇಕು. ಜುಲೈ ತಿಂಗಳ ಡೆತ್ ವ್ಯಾಲಿ. ಸಮುದ್ರಮಟ್ಟಕ್ಕಿಂತ ಸುಮಾರು 85 ಮೀಟರ್ ಕೆಳಗಿರುವ ಉಪ್ಪಿನ ಬಯಲಿನಿಂದ ಹೊರಟು, ಸುಮಾರು 2,530 ಮೀಟರ್ ಎತ್ತರದ ವಿಟ್ನಿ ಪೋರ್ಟಲ್ ಮುಟ್ಟಬೇಕು. 217 ಕಿಲೋಮೀಟರ್, 48 ಗಂಟೆ. ಬಿಸಿಲು 50 ಡಿಗ್ರಿ ಸೆಲ್ಸಿಯಸ್ ದಾಟುವುದೂ ಉಂಟು. 1977ರಲ್ಲಿ ಆಲ್ ಆರ್ನಾಲ್ಡ್ ಬ್ಯಾಡ್‌ವಾಟರ್‌ನಿಂದ ವಿಟ್ನಿ ಶಿಖರದವರೆಗೆ ಓಡಿ ತೋರಿಸಿದರು. 1987ರಿಂದ ಅದು ಸ್ಪರ್ಧೆಯಾಯಿತು. ದಾರಿಯುದ್ದಕ್ಕೂ ಆಯೋಜಕರ ಏಡ್ ಸ್ಟೇಷನ್ ಒಂದೂ ಇಲ್ಲ. ನೀರು, ಐಸು, ಊಟ ಎಲ್ಲವೂ ಓಟಗಾರನ ಸ್ವಂತ ಕ್ರೂ ಗಾಡಿಯಲ್ಲೇ ಬರಬೇಕು. ಕ್ರೂ ಇಲ್ಲದಿದ್ದರೆ ಓಟಗಾರ ಉಳಿಯುವುದಿಲ್ಲ.

ಆದರೆ ಅದು ಪ್ರವಾಸಿಗಳ ಗಾಡಿಗಳೂ ಓಡಾಡುವ ಹೆದ್ದಾರಿ. ಅದಕ್ಕೇ ಅಷ್ಟು ಕಟ್ಟುನಿಟ್ಟು. ಅಲ್ಲಿ ವಾಹನ ಸಾಗುವುದು ರಸ್ತೆಯ ಬಲಕ್ಕೆ. ಓಟಗಾರ ಎಡ ಅಂಚಿನಲ್ಲಿ, ಎದುರು ಬರುವ ಗಾಡಿಗಳನ್ನು ನೋಡುತ್ತ ಓಡಬೇಕು. ಕ್ರೂ ಗಾಡಿ ನಿಂತಾಗ ನಾಲ್ಕೂ ಚಕ್ರ ಬಿಳಿ ಗೆರೆಯ ಆಚೆಗಿರಬೇಕು. ಓಟಗಾರನ ಜೊತೆಜೊತೆಗೆ ನಿಧಾನವಾಗಿ ಗಾಡಿ ಉರುಳಿಸಿಕೊಂಡು ಬರುವಂತಿಲ್ಲ. ಮುಂದೆ ಹೋಗಿ ನಿಂತು ಕಾಯಬೇಕು, ಆತ ದಾಟಿಹೋದ ಮೇಲೆ ಮತ್ತೆ ಮುಂದಕ್ಕೆ. ಕತ್ತಲಾದರೆ ಗಾಡಿಯಿಂದಿಳಿದ ಪ್ರತಿಯೊಬ್ಬರ ಮೈಮೇಲೂ ಹೊಳೆಯುವ ಪಟ್ಟಿ, ಮಿನುಗುವ ದೀಪ. ಒಬ್ಬ ಓಟಗಾರನಿಗೆ ಒಂದೇ ಗಾಡಿ, ಹೆಚ್ಚೆಂದರೆ ನಾಲ್ಕು ಜನ. ಕ್ರೂ ಮಾಡಿದ ತಪ್ಪಿಗೆ ಓಟಗಾರನೇ ಹೊಣೆ. ಮೊದಲ ಸಲ ಓದಿದಾಗ ಇದು ಅನ್ಯಾಯ ಅನ್ನಿಸಿತ್ತು. ಆ ತೋಟದ ರಾತ್ರಿಯ ನಂತರ ಅನ್ನಿಸಿಲ್ಲ.

2014ರಲ್ಲಿ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಆಡಳಿತ ಸುರಕ್ಷತೆಯ ಪರಿಶೀಲನೆಗೆಂದು ಇಂಥ ಓಟಗಳ ಅನುಮತಿಯನ್ನೇ ತಡೆಹಿಡಿಯಿತು. ಆ ವರ್ಷ ಬೇರೆ ದಾರಿಯಲ್ಲಿ ಓಡಿದರು. ಮರುವರ್ಷ ಹಳೆಯ ದಾರಿಗೆ ಮರಳಿದಾಗ ಓಟ ಶುರುವಾದದ್ದು ರಾತ್ರಿ. ಬಿಸಿಲಿನ ಲೆಕ್ಕದಲ್ಲಿ ಅದು ಸರಿಯೇ. ಆದರೆ ಕ್ರೂ ನಿದ್ದೆಗೆಡುವುದು ಮೊದಲ ರಾತ್ರಿಯಿಂದಲೇ. ಎರಡನೆಯ ರಾತ್ರಿ ಸ್ಟಿಯರಿಂಗ್ ಹಿಡಿದವನ ಕಣ್ಣು ಎಳೆಯುತ್ತಿದ್ದರೆ, ರಸ್ತೆಯಲ್ಲಿ ಅವನಿಗಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಕ್ರೂನಲ್ಲಿ ಯಾರು ಯಾವಾಗ ಮಲಗಬೇಕೆಂದು ಓಟಕ್ಕೆ ಮೊದಲೇ ಬರೆದಿಟ್ಟುಕೊಳ್ಳದ ತಂಡದೊಡನೆ ನಾನಂತೂ ಹೋಗುವುದಿಲ್ಲ.

ಕ್ರೂನ ಅಕ್ಕರೆಯೇ ಮುಳುವಾಗುವುದೂ ಇದೆ. ತೋಟದ ಆ ರಾತ್ರಿಯೇ ನನ್ನ ಗೆಳೆಯ ಬಂದು ಕುರ್ಚಿಯಲ್ಲಿ ಕುಸಿದ. ಮಾತು ತಡವರಿಸುತ್ತಿತ್ತು. ಬಾಯಾರಿದೆಯೆಂದುಕೊಂಡು ಮೂರನೆಯ ಬಾಟಲಿ ಬಿಚ್ಚಿದೆ. ಪಕ್ಕದ ತಂಡದ ಹೆಂಗಸೊಬ್ಬರು ಕೈ ಹಿಡಿದರು: "ಅಣ್ಣಾ, ಇನ್ನು ನೀರು ಕೊಡಬೇಡಿ, ಅವರ ಬೆರಳು ನೋಡಿ." ಬೆರಳು ಊದಿ ಉಂಗುರ ಮಾಂಸದೊಳಕ್ಕೆ ಹೂತಿತ್ತು. ಗಂಟೆಗಟ್ಟಲೆ ಅಗತ್ಯಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ, ಮಿದುಳು ಊದಿಕೊಳ್ಳುತ್ತದೆ, ಜೀವವೇ ಹೋಗಬಹುದು. ತಲೆಸುತ್ತು, ವಾಕರಿಕೆ, ಮಂಕು, ಎಲ್ಲವೂ ನೀರು ಸಾಲದ ಲಕ್ಷಣದಂತೆಯೇ ಕಾಣುತ್ತವೆ. ಊದಿದ ಬೆರಳು, ಓಟದ ನಡುವೆ ಏರಿದ ತೂಕ ಕಂಡರೆ ಎಚ್ಚರವಾಗಬೇಕು; ಮಾತು ತಪ್ಪಿದರೆ ತಡಮಾಡದೆ ವೈದ್ಯರ ಬಳಿ. ಕೊಟ್ಟ ಪ್ರತಿ ಬಾಟಲಿಯನ್ನೂ ಹೊತ್ತಿನ ಸಮೇತ ಈಗ ಪುಸ್ತಕದಲ್ಲಿ ಬರೆಯುತ್ತೇನೆ.

ಆಲ್ಪ್ಸ್‌ನ ಯುಟಿಎಂಬಿ ಓಟದಲ್ಲಿ ಕ್ರೂ ನೆರವಿಗೆ ನಿಗದಿಯಾದ ಕೆಲವೇ ತಾಣಗಳಲ್ಲಿ ಅವಕಾಶ. ನಮ್ಮ ಇಕ್ಕಟ್ಟಾದ ತೋಟದ ರಸ್ತೆಗಳಿಗೆ ಅದೇ ಸರಿಯಾದ ಕ್ರಮ. ಕಾರುಗಳೆಲ್ಲ ಕೆಳಗೆ ಶಾಲೆಯ ಮೈದಾನದಲ್ಲಿರಲಿ, ಚೀಲ ಹೊತ್ತು ಹತ್ತೋಣ.

ಇನ್ನು ಬ್ಯಾಡ್‌ವಾಟರ್‌ನಿಂದ ಒಂದನ್ನೇ ತರಬಹುದಾದರೆ ನಾನು ಕೇಳುವುದು ಗೂಟವನ್ನು. ಪ್ರತಿ ಓಟಗಾರನಿಗೂ ಅವನ ನಂಬರಿನ ಒಂದು ಗೂಟ ಕೊಡುತ್ತಾರೆ. ಮೈ ಕೈಕೊಟ್ಟರೆ ನಿಂತಲ್ಲೇ ಗೂಟ ನೆಟ್ಟು, ಗಾಡಿ ಹತ್ತಿ ಹೋಗಿ ಸುಧಾರಿಸಿಕೊಂಡು, ಮತ್ತೆ ಅದೇ ಗೂಟದಿಂದ ಓಟ ಮುಂದುವರಿಸಬಹುದು. ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಆ ರಾತ್ರಿ ನನ್ನ ಗೆಳೆಯ "ಕಾರು ಹತ್ತಿದರೆ ಎಲ್ಲಾ ಮುಗೀತಲ್ಲೋ" ಎಂದು ಕಾಲು ಗಂಟೆ ಹಟ ಹಿಡಿದು ಕೂತಿದ್ದ. ಗೂಟಕ್ಕೆ ಅಡಿಕೆ ದಬ್ಬೆಯ ಒಂದು ತುಂಡು ಸಾಕು.