1635ರ ಕೋಟೆಪಟಗಳಲ್ಲಿ ಠಾಣೆ–ವಸಯಿಗಳ ಇಗರ್ಜಿಗಳು

ಕಲ್ಯಾಣವನ್ನು ದಾಟಿ ಬರುವ ಉಲ್ಲಾಸ ನದಿಯು ಠಾಣೆಯ ಬಳಿ ಕವಲೊಡೆದು, ಅದರ ಹಿರಿಯ ಕವಲು ವಸಯಿಯ ಖಾಡಿಯಾಗಿ ಕಡಲನ್ನು ಸೇರುತ್ತದೆ. ಈ ಜಲಮಾರ್ಗದ ಇಕ್ಕೆಲಗಳಲ್ಲಿ ಪೋರ್ಚುಗೀಸರು ಕಟ್ಟಿದ ಇಗರ್ಜಿಗಳ ಮತ್ತು ಮಠಗಳ ಚರಿತ್ರೆಯನ್ನು ಬರೆದ ವಿದ್ವಾಂಸರು ಸಾಮಾನ್ಯವಾಗಿ ಎರಡು ಬಗೆಯ ಸಾಕ್ಷ್ಯಗಳನ್ನು ನೆಚ್ಚಿಕೊಂಡಿದ್ದಾರೆ. ಒಂದು, ಅಳಿದುಳಿದ ಕಲ್ಲು ಮತ್ತು ಅದರ ಮೇಲಿನ ಬರಹ. ಮತ್ತೊಂದು, ಪಾದ್ರಿಗಳ ಹಾಗೂ ಅಧಿಕಾರಿಗಳ ಕಾಗದಪತ್ರ. ಮೂರನೆಯದೊಂದುಂಟು: ಆ ಕಾಲದಲ್ಲಿಯೇ ಬರೆದ ನಕ್ಷೆಗಳು. ಇವು ಗ್ರಂಥಗಳಲ್ಲಿ ಅಚ್ಚಾಗಿಲ್ಲವೆಂದಲ್ಲ, ಅಲಂಕಾರಕ್ಕೆಂದು ಅಚ್ಚಾಗಿವೆ. ಸಾಕ್ಷಿಯ ಕಟ್ಟೆಯಲ್ಲಿ ನಿಲ್ಲಿಸಿ ಅವುಗಳನ್ನು ಪ್ರಶ್ನಿಸಿದವರು ವಿರಳ.

ಪ್ರಕೃತ ವಿಚಾರಕ್ಕೆ ಮುಖ್ಯವಾದುದು 1635ರ ‘ಲಿವ್ರು ದಸ್ ಪ್ಲಾಂತಸ್’, ಎಂದರೆ ಪೂರ್ವ ದೇಶದ ಎಲ್ಲ ಕೋಟೆಗಳ ನಕ್ಷೆಗಳ ಪುಸ್ತಕ. ಇದರ ಗದ್ಯವನ್ನು ಬರೆದವನು ಅಂತೋನಿಯೊ ಬೊಕಾರ್ರೊ. ಈತ 1631ರಿಂದ ಗೋವೆಯ ರಾಜಕೀಯ ದಫ್ತರದ ಪಾಲಕನೂ ಆಸ್ಥಾನದ ಚರಿತ್ರಕಾರನೂ ಆಗಿದ್ದವನು. ಪಟಗಳು ವೈಸರಾಯ್ ಲಿನ್ಯಾರೆಸ್ ಪ್ರಭುವಿನ ಕಾರ್ಯದರ್ಶಿ ಪೇದ್ರು ಬಾರ್ರೆತೊ ದೆ ರೆಸೆಂದೆಯ ಹೆಸರಿನಲ್ಲಿವೆ. ಪೋರ್ಚುಗಲ್ಲಿನ ಎವೊರಾ ನಗರದ ಗ್ರಂಥಾಲಯದಲ್ಲಿರುವ ಪ್ರತಿಯಲ್ಲಿ 48 ಪಟಗಳಿವೆ. ವಸಯಿ, ಠಾಣೆ, ಕಾರಂಜಾ, ಚೌಲಗಳ ಪಟಗಳು ಅದರಲ್ಲಿ ಸೇರಿರುವಂತೆಯೇ ಕನ್ನಡ ಕರಾವಳಿಯ ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳ ಪಟಗಳೂ ಸೇರಿವೆ. ಆದ್ದರಿಂದ ಕನ್ನಡಿಗನಾದ ಸಂಶೋಧಕನಿಗೆ ಈ ಗ್ರಂಥವು ಪರಕೀಯವಲ್ಲ. ತಾನು ಬಿಟ್ಟುಬಂದ ಕರಾವಳಿಯನ್ನೂ ನೆಲೆನಿಂತ ನಾಡನ್ನೂ ಒಂದೇ ಹೊದಿಕೆಯೊಳಗೆ ಕಾಣುವ ಅವಕಾಶ ಅವನಿಗೆ ಇಲ್ಲಿ ದೊರೆಯುತ್ತದೆ.

ಪುಸ್ತಕ ಯಾರಿಗಾಗಿ ಸಿದ್ಧವಾಯಿತೆಂಬುದನ್ನು ಮೊದಲು ನೆನೆಯಬೇಕು. ಅದು ದೂರದ ಐಬೀರಿಯದಲ್ಲಿದ್ದ ದೊರೆಯ ಕೈಗೆ ಸಲ್ಲಬೇಕಾದ ವರದಿ. ಗೋಡೆಯ ಎತ್ತರವೆಷ್ಟು, ದಪ್ಪವೆಷ್ಟು, ಫಿರಂಗಿಗಳೆಷ್ಟು, ಸಂಬಳಕ್ಕೆ ತಗಲುವ ಹಣವೆಷ್ಟು, ಊರಿನ ಹುಟ್ಟುವಳಿಯೆಷ್ಟು—ಬೊಕಾರ್ರೊನ ಗದ್ಯವೆಲ್ಲ ಈ ಜಮಾಖರ್ಚಿನ ಸುತ್ತ ತಿರುಗುತ್ತದೆ. ವಸಯಿಯಲ್ಲಿ 400 ಪೋರ್ಚುಗೀಸ ಕುಟುಂಬಗಳೂ 200 ದೇಶೀಯ ಕ್ರೈಸ್ತ ಕುಟುಂಬಗಳೂ ಇದ್ದುವೆಂಬ ಪ್ರಸಿದ್ಧವಾದ ಲೆಕ್ಕ ಈ ಕಾಲದ್ದೇ. ಅಲ್ಲಿಯೂ ಎಣಿಕೆಯ ಉದ್ದೇಶ ಆತ್ಮಗಳಲ್ಲ, ಕೋಟೆಯನ್ನು ಕಾಯಬಲ್ಲ ತೋಳುಗಳು. ಪಟಗಳೂ ಇದೇ ಮನೋಧರ್ಮದವು. ಕೋಟೆಯ ಗೋಡೆಯನ್ನು ಮೇಲಿನಿಂದ ನೋಡಿದಂತೆ ಬರೆದು, ಅದರೊಳಗಿನ ಮನೆಗಳನ್ನೂ ಇಗರ್ಜಿಗಳನ್ನೂ ಎದುರಿನಿಂದ ನೋಡಿದಂತೆ ನಿಲ್ಲಿಸಲಾಗಿದೆ. ಒಂದೇ ಹಾಳೆಯಲ್ಲಿ ಎರಡು ದೃಷ್ಟಿಗಳು! ಕೊತ್ತಳದ ಕೋನಕ್ಕೆ ಸಲ್ಲುವ ಗಮನವು ಇಗರ್ಜಿಗೆ ಸಲ್ಲುವುದಿಲ್ಲ. ಅದು ಹೆಂಚಿನ ಮಾಡೊಂದರ ಸಂಕೇತಮಾತ್ರವಾಗಿ, ‘ಇಲ್ಲಿ ಒಂದು ದೇವಾಲಯವಿದೆ’ ಎಂದಷ್ಟೇ ಹೇಳುತ್ತದೆ.

ಈ ಭೇದವನ್ನು ಮರೆತಾಗ ಪ್ರಮಾದಗಳು ಹುಟ್ಟುತ್ತವೆ. ಪಟದಲ್ಲಿ ಒಂದು ಇಗರ್ಜಿಗೆ ಗೋಪುರವಿಲ್ಲವೆಂದು 1635ರಲ್ಲಿ ಅದಕ್ಕೆ ಗೋಪುರವೇ ಇರಲಿಲ್ಲವೆಂದು ನಿರ್ಣಯಿಸುವುದು, ಎರಡು ಕಿಟಕಿಗಳನ್ನು ಎಣಿಸಿ ಕಟ್ಟಡದ ಮುಖಭಾಗ ಅಷ್ಟೇ ಅಗಲವೆನ್ನುವುದು, ಇವೆಲ್ಲ ಸಂಕೇತವನ್ನು ಭಾವಚಿತ್ರವೆಂದು ತಿಳಿದುದರ ಫಲ. ವಸಯಿ ಕೋಟೆಯೊಳಗಿನ ಸಂತ ಜೋಸೆಫರ ಹಿರಿಯ ಇಗರ್ಜಿಯನ್ನೇ ತೆಗೆದುಕೊಳ್ಳಬಹುದು. 1601ರಲ್ಲಿ, ಅಲೆಯ್ಶೊ ದೆ ಮೆನೆಜಿಸ್ ಆರ್ಚ್‌ಬಿಷಪ್ಪನಾಗಿದ್ದಾಗ, ಅದು ಪುನರ್ನಿರ್ಮಾಣಗೊಂಡಿತೆಂದು ಅದರ ಶಾಸನವೇ ಸಾರುತ್ತದೆ. ಪಟವು ಅದಕ್ಕೆ 34 ವರ್ಷ ಈಚಿನದು. ಆದರೂ ಹಳೆಯ ಕಟ್ಟಡದ ಯಾವ ಭಾಗ ಉಳಿಯಿತು, ಯಾವುದು ಹೊಸದಾಯಿತು ಎಂಬ ಪ್ರಶ್ನೆಗೆ ಇಂಥ ಸಂಕೇತಚಿತ್ರದಿಂದ ಉತ್ತರ ದೊರೆಯುವ ಸಂಭವವಿಲ್ಲ. ಇಲ್ಲಿ ನಾಲ್ಕು ಸಾಲಿನ ಶಾಸನವು ವರ್ಣರಂಜಿತವಾದ ಹಾಳೆಗಿಂತ ಹೆಚ್ಚಿನ ಸಾಕ್ಷಿ. ಆದರೆ ಯಾವ ಮಠ ಯಾವ ಬಾಗಿಲಿಗೆ ಸಮೀಪ, ಯಾವುದು ಕಡಲ ಕಡೆಗೆ, ಯಾವುದು ನೆಲದ ಕಡೆಗೆ ಎಂಬ ಪ್ರಶ್ನೆಗೆ ಶಾಸನ ಮೂಕ; ಅಲ್ಲಿ ಪಟಕ್ಕೇ ಅಗ್ರಸ್ಥಾನ.

ಠಾಣೆಯ ವಿಷಯ ಇನ್ನೂ ಸ್ವಾರಸ್ಯವಾದುದು. ಇಂದು ಕಾರಾಗೃಹವಾಗಿರುವ ಠಾಣೆಯ ಕೋಟೆಯನ್ನು ಪೋರ್ಚುಗೀಸರು ಕಟ್ಟತೊಡಗಿದುದು 1730ರ ಸುಮಾರಿಗೆ. ಅದು ಪೂರ್ಣವಾಗುವ ಮುನ್ನವೇ, 1737ರಲ್ಲಿ, ಊರು ಮರಾಠರ ವಶವಾಯಿತು. ಆದುದರಿಂದ 1635ರ ಪಟದಲ್ಲಿ ಆ ಕೋಟೆಯನ್ನು ಹುಡುಕುವುದು ವ್ಯರ್ಥ. ಅಲ್ಲಿ ಕಾಣಬೇಕಾದುದು ಖಾಡಿಯ ದಾಟನ್ನು ಕಾಯುತ್ತಿದ್ದ ಸಣ್ಣ ಕೋಟೆಗಳನ್ನು. ಈ ಪಟವನ್ನು ಬರೆಸಿದವರಿಗೆ ಮುಖ್ಯವೆನಿಸಿದ್ದ ಆ ಕಾವಲುಗಳು ಇಂದಿನ ಠಾಣೆಯ ನಿವಾಸಿಗೆ ಹೆಸರಿಗೂ ಪರಿಚಿತವಲ್ಲ. ಅವರಿಗೆ ಗೌಣವಾಗಿದ್ದ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಸಂತ ಅಂತೋನಿಯ ಇಗರ್ಜಿಯಾದರೋ, ಸ್ನಾನಿಕ ಯೋಹಾನನ ಹೆಸರನ್ನು ಹೊತ್ತು, ಮಾಸುಂದಾ ಕೆರೆಯ ಬಳಿ ಇಂದಿಗೂ ಪೂಜೆಗೊಳ್ಳುತ್ತಿದೆ. ಆ ಊರಿನ ಉಳಿದ ಮಠಗಳು ಅಳಿದುಹೋದುವು.

ಬಸರೂರಿನ ಪಟದ ಬಗೆಗೂ ಇದೇ ಮಾತನ್ನು ಹೇಳಬಹುದು. ಗೋವೆಗೂ ಮಸ್ಕತಿಗೂ ಅಕ್ಕಿಯನ್ನು ಒದಗಿಸುತ್ತಿದ್ದುದು ಹೊಳೆಯ ಮೇಲಣ ವರ್ತಕರ ಬಸರೂರು. ಪಟದ ಗಮನವೆಲ್ಲ ಪೋರ್ಚುಗೀಸರ ಕೆಳಗಣ ಕೋಟೆಯ ಮೇಲೆ. ಕೆಳದಿಯ ಶಿವಪ್ಪನಾಯಕನು 1650ರ ದಶಕದ ಆದಿಯಲ್ಲಿ ಈ ಕರಾವಳಿಯ ಕೋಟೆಗಳನ್ನು ಗೆದ್ದುಕೊಂಡ ಮೇಲೆ ಪಟದ ಮುಖ್ಯವಸ್ತುವೇ ಇಲ್ಲವಾಯಿತು. 1678ರಲ್ಲಿ ಕೆಳದಿಯೊಡನೆ ಆದ ಒಪ್ಪಂದದಲ್ಲಿ ಹೊನ್ನಾವರ, ಭಟ್ಕಳ, ಕಲ್ಯಾಣಪುರ ಮೊದಲಾದೆಡೆ ಇಗರ್ಜಿಗಳನ್ನು ಕಟ್ಟಲು ಸಮ್ಮತಿ ದೊರೆಯಿತು. ಕೋಟೆ ಹೋದ ಮೇಲೆ ಬಂದ ಈ ಇಗರ್ಜಿಗಳಿಗೆ 1635ರ ಪುಸ್ತಕದಲ್ಲಿ ಸ್ಥಾನವಿರುವಂತಿಲ್ಲ. ಕರಾವಳಿಯ ಕ್ರೈಸ್ತ ವಾಸ್ತುವಿನ ಚರಿತ್ರೆಯನ್ನು ಕೋಟೆಪಟಗಳಿಂದ ಆರಂಭಿಸುವವರು ಈ ಕಾಲಭೇದವನ್ನು ಗಮನಿಸತಕ್ಕದ್ದು.

ಇನ್ನು ಪ್ರತಿಗಳ ವಿಚಾರ. ಓಲೆಗರಿಗಳನ್ನು ಪರಿಶೋಧಿಸಿ ಬಲ್ಲ ಕನ್ನಡ ವಿದ್ವಾಂಸರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಎವೊರಾದ ಪ್ರತಿಯಲ್ಲದೆ, ರೆಸೆಂದೆಯ ಗ್ರಂಥದ 1646ರ ಪ್ರತಿಯೊಂದು ಲಂಡನ್ನಿನಲ್ಲಿದೆ. ಪ್ಯಾರಿಸ್, ಮ್ಯಾಡ್ರಿಡ್‌ಗಳಲ್ಲಿಯೂ ಪ್ರತಿಗಳುಂಟು. ಲಿಪಿಕಾರನು ಅಕ್ಷರವನ್ನು ತಪ್ಪುವಂತೆ ಚಿತ್ರಕಾರನು ಗೆರೆಯನ್ನು ತಪ್ಪುತ್ತಾನೆ. ತಿಳಿಯದ ಗುರುತನ್ನು ತಿಳಿದ ಗುರುತಾಗಿ ಮಾರ್ಪಡಿಸುತ್ತಾನೆ. ಖಾಲಿ ಕಂಡಲ್ಲಿ ಎರಡು ಮನೆಗಳನ್ನೂ ಒಂದು ಮರವನ್ನೂ ತುಂಬುತ್ತಾನೆ. ಪದ್ಯಕ್ಕೆ ಪಾಠಾಂತರಗಳನ್ನು ಅಡಿಯಲ್ಲಿ ಕೊಡುವ ಶಿಸ್ತು ನಮಗುಂಟು. ಪಟಕ್ಕೂ ಅದೇ ಶಿಸ್ತು ಸಲ್ಲಬೇಕು. ಯಾವ ಪ್ರತಿಯ ಪಟವೆಂಬುದನ್ನು ತಿಳಿಸದೆ ‘ಹಳೆಯ ಪೋರ್ಚುಗೀಸ ನಕ್ಷೆ’ ಎಂಬ ಹಣೆಬರಹದೊಂದಿಗೆ ಅಚ್ಚು ಮಾಡುವುದು, ಕರ್ತೃವಿಲ್ಲದ ಪದ್ಯವನ್ನು ಪಂಪನದೆಂದು ಉದಾಹರಿಸಿದಷ್ಟೇ ಅವಿಚಾರದ ಕೆಲಸ.

ಮುದ್ರಣಗಳ ಚರಿತ್ರೆಯೂ ಈ ಅನಾದರವನ್ನು ಬೆಳೆಸಿದೆ. ಎವೊರಾದಲ್ಲಿ ಗ್ರಂಥಪಾಲಕನಾಗಿದ್ದು 1855ರಲ್ಲಿ ಗೋವೆಗೆ ಬಂದ ಕುಂಞ ರಿವಾರನು 1860ರ ದಶಕದಲ್ಲಿ ತನ್ನ ಮಾಸಪತ್ರಿಕೆಯಲ್ಲಿ ಬೊಕಾರ್ರೊನ ವರ್ಣನೆಗಳನ್ನು ಬೆಳಕಿಗೆ ತಂದುದು ಮಹೋಪಕಾರ. ಗೆರ್ಸನ್ ದ ಕುಂಞನು ಚೌಲ–ವಸಯಿಗಳ ಮೇಲೆ 1876ರಲ್ಲಿ ಬರೆದ ಗ್ರಂಥವೂ 1882ರ ಠಾಣಾ ಗೆಜೆಟಿಯರೂ ಆ ತಳಹದಿಯ ಮೇಲೆ ನಿಂತುವು. ಆದರೆ ಆ ವಿದ್ವಾಂಸರ ಮುಂದೆ ಇದ್ದುದು ಮಾತು, ಗೆರೆಯಲ್ಲ. 1937–38ರಲ್ಲಿ ಗೋವೆಯ ಬಾಸ್ತೊರಾದಲ್ಲಿ ಗ್ರಂಥ ಮುದ್ರಣಗೊಂಡಿತು. 1992ರಲ್ಲಿ ಇಸಾಬೆಲ್ ಸಿದ್ ಅವರ ಸಂಪಾದನೆಯಲ್ಲಿ ಲಿಸ್ಬನ್ನಿನಿಂದ ಮೂರು ಸಂಪುಟಗಳಾಗಿ ಹೊರಬಂದಿತು. ಈ ಕಡೆಯ ಮುದ್ರಣದ ಪಾಂಡಿತ್ಯ ಮೆಚ್ಚತಕ್ಕದ್ದು. ಆದರೂ ಗದ್ಯವೊಂದು ಸಂಪುಟ, ಪಟಗಳೊಂದು ಸಂಪುಟವಾದಾಗ ಓದುಗನು ಒಂದನ್ನು ತೆರೆದು ಮತ್ತೊಂದನ್ನು ಮುಚ್ಚಿಡುವ ಅಪಾಯವಿದ್ದೇ ಇದೆ. ಬೊಕಾರ್ರೊನ ಜಮಾಖರ್ಚಿಲ್ಲದೆ ರೆಸೆಂದೆಯ ಪಟ ಕೇವಲ ಚಿತ್ರ.

ಇಲ್ಲಿಯವರೆಗೆ ಹೇಳಿದುದೆಲ್ಲ ಕಟ್ಟಿದ ಮೇಲೆ ಬರೆದ ನಕ್ಷೆಯ ಮಾತು. ಕಟ್ಟುವ ಮುನ್ನ ಬರೆಯುವ ನಕ್ಷೆಯ ಸ್ವಭಾವವೇ ಬೇರೆ. ಅದು ವರದಿಯಲ್ಲ, ಸಂಕಲ್ಪ. ಎರಡನ್ನೂ ಒಂದೆಡೆ ನೋಡಲು ದಾದರಿನ ಸಾಲ್ವಸಾವ್ ಇಗರ್ಜಿಗಿಂತ ಉತ್ತಮ ನಿದರ್ಶನವಿಲ್ಲ. ಮುಂಬಯಿಯ ಬಸ್ಸುಗಳಲ್ಲಿ ಓಡಾಡುವವರೆಲ್ಲ ‘ಪೋರ್ಚುಗೀಸ್ ಚರ್ಚ್’ ಎಂದು ಬಲ್ಲ ಈ ದೇವಾಲಯವನ್ನು ಫ್ರಾನ್ಸಿಸ್ಕನ್ನರು ಮೊದಲು ಕಟ್ಟಿದುದು 1596ರಲ್ಲಿ. ಇಂದಿನ ಕಟ್ಟಡ 1974–77ರದು, ಚಾರ್ಲ್ಸ್ ಕೊರಿಯ ಅವರ ಕೃತಿ. ಪ್ರವೀಣಾ ಮೆಹತಾ, ಶಿರೀಷ್ ಪಟೇಲ್ ಅವರೊಡನೆ ನವಿಮುಂಬಯಿಯ ಕಲ್ಪನೆಯನ್ನು 1965ರಲ್ಲಿ ಮುಂದಿಟ್ಟು, ಸಿಡ್ಕೊದ ಮುಖ್ಯ ವಾಸ್ತುಶಿಲ್ಪಿಯಾಗಿ 1970ರಿಂದ 1974ರವರೆಗೆ ದುಡಿದವರು ಇವರೇ. ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರವೂ ಇವರದೇ. ಸಾಲ್ವಸಾವಿನ ನಕ್ಷೆಯಲ್ಲಿ ಒಂದೇ ಉದ್ದನೆಯ ಪ್ರಾಕಾರವಿಲ್ಲ. ಮಾಡುಳ್ಳ ಅಂಕಣಗಳೂ ಬಾನಿಗೆ ತೆರೆದ ಅಂಗಳಗಳೂ ಒಂದರೊಳಗೊಂದು ಹೆಣೆದುಕೊಂಡು ಗಾಳಿಯನ್ನು ಸಾಗಿಸುತ್ತವೆ. ಕಾಂಕ್ರೀಟಿನ ಚಿಪ್ಪುಗಳ ನೆತ್ತಿಯಿಂದ ಬೆಳಕು ಇಳಿಯುತ್ತದೆ. ತೊಟ್ಟಿಮನೆಯನ್ನು ಬಲ್ಲ ಕನ್ನಡಿಗನಿಗೆ ಈ ಹೆಣಿಗೆ ಅಪರಿಚಿತವೆನಿಸದು. 2013ರಲ್ಲಿ ಕೊರಿಯ ಅವರು ತಮ್ಮ 6000ಕ್ಕೂ ಮಿಕ್ಕ ನಕ್ಷೆಗಳನ್ನೊಳಗೊಂಡ ಸಂಗ್ರಹವನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಟಿಗೆ ಕೊಡುಗೆಯಾಗಿ ಇತ್ತರು. ರಕ್ಷಣೆಯ ದೃಷ್ಟಿಯಿಂದ ಇದು ಸ್ತುತ್ಯವೇ. ಆದರೆ ಠಾಣೆಯ ಪಟಕ್ಕಾಗಿ ಎವೊರಾಕ್ಕೆ ಹೋಗಬೇಕಾದಂತೆ ಬೇಲಾಪುರದ ಮನೆಗಳ ಶಿಲ್ಪಿಯ ಕೈಗೆರೆಗಾಗಿ ಲಂಡನ್ನಿಗೆ ಹೋಗಬೇಕಾಗಿ ಬಂದುದನ್ನು ಗಮನಿಸದಿರಲಾಗದು.

ಸಂಕಲ್ಪದ ನಕ್ಷೆಯನ್ನು ಓದುವಾಗಲೂ ಎಚ್ಚರ ಬೇಕು. ಮಂಜೂರಾದ ನಕ್ಷೆಗೂ ಕಟ್ಟಿದ ಮನೆಗೂ ಇರುವ ಅಂತರವನ್ನು ಮನೆಸಾಲ ಕೊಡುವ ಯಾವ ಬ್ಯಾಂಕಿನ ಗುಮಾಸ್ತನೂ ಬಲ್ಲ. ಡೊಂಬಿವಲಿಯ ಬಾಲ್ಕನಿಗಳೆಷ್ಟು ಕೋಣೆಗಳಾಗಿವೆಯೆಂಬುದು ಕಡತದಲ್ಲಿ ಸಿಕ್ಕುವುದಿಲ್ಲ. ಇಗರ್ಜಿ, ಶಾಲೆ, ಆಸ್ಪತ್ರೆಗಳೂ ಇದಕ್ಕೆ ಹೊರತಲ್ಲ. ಹಣ ಸಾಲದೆ ಗೋಪುರ ಗಿಡ್ಡವಾಗುತ್ತದೆ, ಜನ ಹೆಚ್ಚಿ ಪಡಸಾಲೆ ಮುಂದಕ್ಕೆ ಬೆಳೆಯುತ್ತದೆ. ಆದ್ದರಿಂದ ಮೊದಲ ಹಾಳೆಯೊಂದನ್ನೇ ಜೋಪಾನ ಮಾಡಿ, ಅನಂತರದ ತಿದ್ದುಪಡಿಯ ಹಾಳೆಗಳನ್ನು ರದ್ದಿಗೆ ಹಾಕುವ ರೂಢಿ ಸಂಶೋಧನೆಗೆ ಮಾರಕವಾದುದು. ತಿದ್ದಿದ ಹಾಳೆಯೇ ಕಟ್ಟಡದ ನಿಜವಾದ ಜಾತಕ.

ಠಾಣೆಯ ಹಳೆಯ ಇಗರ್ಜಿಯಂಥ ಕಟ್ಟಡಗಳ ಮಟ್ಟಿಗೆ ತತ್ಕ್ಷಣದ ಕಾರ್ಯವೆಂದರೆ ಇಂದು ನಿಂತಿರುವುದನ್ನು ಅಳೆದು ಬರೆಯುವುದು. ಆ ನಕ್ಷೆಯು 1635ರ ಪಟದಂತೆ ಸಂಕೇತವಾಗದೆ, ಗೋಡೆಯ ದಪ್ಪವನ್ನು ಬಾಗಿಲು ಬಾಗಿಲಿಗೆ ತೋರಿಸಬೇಕು. ಹಳೆಯ ಕಲ್ಲು ಯಾವುದು, ಮೇಲೆ ಬಳಿದ ಸಿಮೆಂಟು ಯಾವುದು ಎಂಬುದನ್ನು ಬೇರೆ ಬೇರೆ ಗೆರೆಗಳಿಂದ ಗುರುತಿಸಬೇಕು. ಅಳೆದ ದಿನಾಂಕವನ್ನು ಹಾಳೆಯ ಮೇಲೆಯೇ ಬರೆಯಬೇಕು. ಜೀರ್ಣೋದ್ಧಾರವಾದಾಗಲೆಲ್ಲ ಕಂತ್ರಾಟುದಾರನ ಬಿಲ್ಲುಗಳನ್ನೂ ಅದೇ ಕಟ್ಟಿನಲ್ಲಿ ಸೇರಿಸಿಡತಕ್ಕದ್ದು. ಎಷ್ಟು ಗಾಡಿ ಸುಣ್ಣ ಬಂತು, ಎಷ್ಟು ತೊಲೆ ಬದಲಾಯಿತು ಎಂಬುದು ಅಲ್ಲಿ ಮಾತ್ರ ಬರೆದಿರುತ್ತದೆ.