ಶಾಲೆಯ ಸಮೂಹ ಗಾಯನ: ಕಲಿಸುವವರ ಪಾಡು, ಹಾಡುವವರ ಗಳಿಕೆ

ಹೊಸಕೋಟೆ ತಾಲ್ಲೂಕಿನ ಶಾಲೆಗಳಲ್ಲಿ, ರಾಜ್ಯದ ಉಳಿದೆಡೆಯಂತೆಯೇ, ಸಮೂಹ ಗಾಯನ ನಿತ್ಯದ ಕೆಲಸ. ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ, ಕಿರಿಯರ ತರಗತಿಯಲ್ಲಿ ನಲಿ–ಕಲಿ ಹಾಡು, ಆಗಸ್ಟಿನಲ್ಲಿ ದೇಶಭಕ್ತಿ ಗೀತೆ, ನವೆಂಬರಿನಲ್ಲಿ ರಾಜ್ಯೋತ್ಸವದ ಹಾಡು. ಇಷ್ಟೆಲ್ಲ ಹಾಡಿದರೂ ಹಾಡಿಸುವ ವಿದ್ಯೆಗೆ ಶಾಲೆಯಲ್ಲಿ ಜಾಗ ಸಿಕ್ಕಿಲ್ಲ. ಬಹುಪಾಲು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತ ಶಿಕ್ಷಕರಿಲ್ಲ. ದನಿ ಚೆನ್ನಾಗಿರುವ ಮೇಷ್ಟ್ರೋ ಟೀಚರೋ ಗಣಿತ, ಸಮಾಜಗಳ ಜೊತೆಗೆ ಈ ಹೊಣೆಯನ್ನೂ ಹೊರುತ್ತಾರೆ.

ಮೊದಲ ತೊಡಕು ಶ್ರುತಿಯದು. ಗಂಡಸರ ದನಿಗೆ ಹಾರ್ಮೋನಿಯಂನ ಬಿಳಿ ಒಂದರ ಸುತ್ತಮುತ್ತ ಹಿತ. ಮಕ್ಕಳ ಎಳೆಯ ಕೊರಳಿಗೆ ಬಿಳಿ ಐದರ ಆಸುಪಾಸು ಹೊಂದುತ್ತದೆ. ಮೇಷ್ಟ್ರು ತಮ್ಮ ಶ್ರುತಿಯಲ್ಲೇ ಎತ್ತಿಕೊಟ್ಟರೆ ಮಕ್ಕಳಿಗೆ ಎರಡೇ ದಾರಿ: ಕೆಳಗಿನ ಸ್ವರ ಸಿಗದೆ ಗೊಣಗುವುದು, ಇಲ್ಲವೇ ಒಂದು ಸ್ಥಾಯಿ ಮೇಲೇರಿ ಕಿರುಚುವುದು. ಬೆಳಗಿನ ಸಾಲುಗಳಿಂದ ಕೇಳುವ ಕಿರುಚಾಟದಲ್ಲಿ ಮಕ್ಕಳ ತಪ್ಪಿಲ್ಲ, ಶ್ರುತಿ ಕೊಟ್ಟವರ ಎಣಿಕೆ ತಪ್ಪಿದೆ. ಪ್ರೌಢಶಾಲೆಯಲ್ಲಿ ಇದು ಇನ್ನೂ ಬಿಗಡಾಯಿಸುತ್ತದೆ. ದನಿ ಒಡೆಯುವ ವಯಸ್ಸಿನ ಹುಡುಗರು ಒಂದು ತಿಂಗಳು ಮುಟ್ಟಿದ ಸ್ವರವನ್ನು ಮರುತಿಂಗಳು ಮುಟ್ಟಲಾರರು. ಗೆಳೆಯರು ನಕ್ಕರೆಂದು ಬಾಯಿ ಮುಚ್ಚಿಕೊಂಡವರು ಮುಂದೆ ಹಾಡುವುದನ್ನೇ ಬಿಡುವುದುಂಟು. ಇಂಥವರನ್ನು ಹಿಂದಿನ ಸಾಲಿಗೆ ತಳ್ಳಿ ಬರಿದೇ ತುಟಿಯಾಡಿಸಲು ಹೇಳುವ ರೂಢಿ ಕ್ರೂರವಾದದ್ದು. ಪಲ್ಲವಿಯನ್ನು ಅವರಿಗೆ ಎಟುಕುವ ಸ್ಥಾಯಿಯಲ್ಲಿ ಹಾಡಿಸಬಹುದು, ತಾಳ ಹಿಡಿಸಬಹುದು. ಶ್ರುತಿಪೆಟ್ಟಿಗೆ ಕೊಳ್ಳಲಾಗದಿದ್ದರೂ ಚಿಂತೆಯಿಲ್ಲ, ಮೊಬೈಲಿನ ತಂಬೂರಿ ಆ್ಯಪ್ ಸಾಕು. ಹಾಡಿಗೆ ಮುಂಚೆ ಎರಡು ನಿಮಿಷ ಸುಮ್ಮನೆ ಷಡ್ಜ ಕೇಳಿಸಿ, ಆಮೇಲೆ ಮೆಲ್ಲಗೆ ಗುನುಗಿಸಿದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯದು ಉಚ್ಚಾರಣೆ. ಹೊಸಕೋಟೆಯ ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ, ತೆಲುಗು, ಉರ್ದು, ತಮಿಳು ಆಡುವ ಮಕ್ಕಳು ಕೂಡಿರುತ್ತಾರೆ. ಬಯಲುಸೀಮೆಯ ಆಡುಮಾತಿನಲ್ಲಿ ಹಕಾರ ಜಾರಿಹೋಗುವುದೂ ಸಹಜ. ಒಬ್ಬರೇ ಹಾಡುವಾಗ ಗಮನಕ್ಕೆ ಬಾರದ ಈ ವ್ಯತ್ಯಾಸ ನಲವತ್ತು ಮಂದಿ ಹಾಡುವಾಗ ಪದವನ್ನೇ ಕಲಸಿಬಿಡುತ್ತದೆ. ಒತ್ತಕ್ಷರವನ್ನು ಒಬ್ಬರು ಮೊದಲು, ಇನ್ನೊಬ್ಬರು ತಡವಾಗಿ ನುಡಿದರೆ ಸಾಲು ಚೂರಾಗುತ್ತದೆ. ಆದ್ದರಿಂದ ರಾಗಕ್ಕೆ ಮೊದಲು ಸಾಹಿತ್ಯವನ್ನು ತಾಳಕ್ಕೆ ಸರಿಯಾಗಿ ಓದಿಸುವುದು ಒಳ್ಳೆಯ ಕ್ರಮ. ಹೀಗೆ ಕಲಿತ ಮಕ್ಕಳಿಗೆ, ಮನೆಮಾತು ಯಾವುದೇ ಇರಲಿ, ಕನ್ನಡ ಕಾವ್ಯದ ನಡೆ ಕಿವಿಯ ಮೂಲಕವೇ ವಶವಾಗುತ್ತದೆ. ಈ ಕಲಿಕೆಯಲ್ಲಿ ಇದಕ್ಕಿಂತ ದೊಡ್ಡ ಗಳಿಕೆ ಇನ್ನೊಂದಿಲ್ಲ.

ಈ ಎರಡೂ ತೊಡಕು ಕೂಡಿ ಬರುವುದು ನಾಡಗೀತೆಯಲ್ಲಿ. ಕುವೆಂಪು ಅವರ ಈ ಗೀತೆಗೆ 2004ರಲ್ಲಿ ಆ ಸ್ಥಾನ ದೊರೆಯಿತು. ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವತ್ಥ್ ಅವರ ಧಾಟಿಗಳೆರಡೂ ಬಳಕೆಯಲ್ಲಿದ್ದು, 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಅಂಗೀಕರಿಸಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಗೊತ್ತುಪಡಿಸಿತು. ಸಮೂಹ ಗಾಯನದ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನವೇ. ಬೇರೆ ಬೇರೆ ಶಾಲೆಯ ಮಕ್ಕಳು ಒಂದೆಡೆ ಸೇರಿದಾಗ ಧಾಟಿಗಳ ತಿಕ್ಕಾಟ ತಪ್ಪುತ್ತದೆ. ಆದರೆ ಆಚಾರ್ಯರ, ಕವಿಗಳ ಹೆಸರುಗಳು, ಸಂಸ್ಕೃತ ಸಮಾಸಗಳು ಒತ್ತೊತ್ತಾಗಿ ಬರುವ ಆ ಸಾಹಿತ್ಯ ಹತ್ತು ವರ್ಷದ ನಾಲಿಗೆಗೆ ಸುಲಭದ್ದಲ್ಲ. ಅರ್ಥ ಬಿಡಿಸದೆ ದಿನಾ ಹಾಡಿಸಿದರೆ ತಪ್ಪುಗಳೇ ಬೇರುಬಿಡುತ್ತವೆ.

ಗಮಕದ ಪ್ರಶ್ನೆ ಬೇರೆಯದೇ. ನಮ್ಮ ರಾಗಗಳು ಸ್ವರದ ಓಲಾಟದಲ್ಲಿ ಬದುಕುತ್ತವೆ. ನಲವತ್ತು ಕೊರಳು ನಲವತ್ತು ಬಗೆಯಾಗಿ ಓಲಾಡಿದರೆ ಸ್ವರ ಮಸುಕಾಗುತ್ತದೆ. ಓಲಾಟವನ್ನೇ ಕಿತ್ತರೆ ಹಾಡು ಒಣಗುತ್ತದೆ. ಎಷ್ಟು ಉಳಿಸಬೇಕು ಎಂಬುದರಲ್ಲೇ ನಿರ್ದೇಶಕರ ರಸಜ್ಞತೆ ತಿಳಿಯುವುದು. ಪಾಶ್ಚಾತ್ಯ ವೃಂದಗಾನದಂತೆ ದನಿಗಳನ್ನು ಬೇರೆ ಬೇರೆ ಸ್ವರಸಾಲಿಗೆ ಹಂಚುವ ಹಾದಿಯನ್ನು ಭಾರತದಲ್ಲಿ ಶ್ರದ್ಧೆಯಿಂದ ಹಿಡಿದವರಲ್ಲಿ ಎಂ.ಬಿ. ಶ್ರೀನಿವಾಸನ್ ಮುಖ್ಯರು. 1970ರ ದಶಕದ ಆರಂಭದಲ್ಲಿ ಮದ್ರಾಸ್ ಯೂತ್ ಕಾಯರ್ ಕಟ್ಟಿದ ಅವರು ಶಾಲಾ ಶಿಕ್ಷಕರಿಗೂ ಸಮೂಹ ಗಾಯನ ಕಲಿಸಿದರು. ಸಂಗೀತ ಬಾರದವರ ನಡುವೆಯೂ ಸಮೂಹ ಹುಟ್ಟಬಲ್ಲದೆಂಬ ಅವರ ನಂಬಿಕೆ ಇಂದಿನ ಶಾಲೆಗಳಿಗೆ ಬೇಕಾದದ್ದು.

ಮಾದರಿಗೆ ಮದ್ರಾಸಿನತನಕವೂ ಹೋಗಬೇಕಿಲ್ಲ. ಸೋಬಾನೆಯಲ್ಲಿ ಒಂದು ಗುಂಪು ಹೇಳಿದ್ದನ್ನು ಮತ್ತೊಂದು ಗುಂಪು ಎತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಮೊದಲಿನವರಿಗೆ ಉಸಿರು ಸಿಗುತ್ತದೆ, ಹೊಸಬರಿಗೆ ಸಾಲು ಕೇಳಿಸುತ್ತದೆ. ಭಜನೆ ಮಂಡಳಿಯ ಕ್ರಮವೂ ಇದೇ. ನೆರೆಯ ಕೋಲಾರ ಸೀಮೆಯಲ್ಲಿ ದಲಿತ ಸಂಘರ್ಷ ಸಮಿತಿಯ ಹೋರಾಟದ ಹಾಡುಗಳು ಹಬ್ಬಿದ್ದು ಹೀಗೆಯೇ: ಒಬ್ಬರು ಎತ್ತಿಕೊಡುವುದು, ತಮಟೆಯ ಜೊತೆ ಹಲವರು ಸೊಲ್ಲು ಹಿಡಿಯುವುದು. ಕಲಿಕೆಯೂ ಪ್ರದರ್ಶನವೂ ಒಂದೇ ಆಗಿರುವ ಈ ಪದ್ಧತಿಯನ್ನು ಶಾಲೆಗಳು ಬಳಸದಿರುವುದು ದೊಡ್ಡ ನಷ್ಟ.

2022ರ ಅಕ್ಟೋಬರ್ 28ರಂದು ರಾಜ್ಯದಾದ್ಯಂತ ನಡೆದ ಕೋಟಿ ಕಂಠ ಗಾಯನದ ಉತ್ಸಾಹ ನಿಜವಾದದ್ದು, ಆ ದಿನಕ್ಕಾಗಿ ಮಕ್ಕಳು ಹಲವು ಗೀತೆಗಳನ್ನು ಬಾಯಿಪಾಠ ಮಾಡಿದ್ದೂ ನಿಜ. ಆದರೆ ಸಂಖ್ಯೆಯೇ ಗುರಿಯಾದಾಗ, ಧ್ವನಿವರ್ಧಕದ ಮೂಲಗಾಯನದ ಹಿಂದೆ ಮಕ್ಕಳ ದನಿ ಮರೆಯಾಗುತ್ತದೆ. ಪಕ್ಕದವರನ್ನು ಕೇಳಿಸಿಕೊಂಡು ಹಾಡುವ ಅಭ್ಯಾಸ ಅಲ್ಲಿ ಬೆಳೆಯದು. ಪ್ರತಿಭಾ ಕಾರಂಜಿಯಲ್ಲಿ ಇನ್ನೊಂದು ಅತಿ: ಹಾಡಿನ ಸ್ಪರ್ಧೆಗಳಲ್ಲಿ ಹೆಚ್ಚಿನವು ಒಬ್ಬೊಬ್ಬರದು. ಅದರಲ್ಲಿರುವ ಕವ್ವಾಲಿಯೊಂದೇ ಮುಂದಾಳು, ಹಿಮ್ಮೇಳ, ಚಪ್ಪಾಳೆಯ ಲಯ ಮೂರನ್ನೂ ಗುಂಪಿಗೆ ಕಲಿಸುತ್ತದೆ. ಜಾನಪದ ಗೀತೆಗೂ ಭಾವಗೀತೆಗೂ ಅಂಥದೇ ಗುಂಪು ವಿಭಾಗ ಸೇರಿಸಿ, ದನಿ ಕೂಡಿದ ಬಗೆಗೂ ಅಂಕವಿಟ್ಟರೆ ಶಿಕ್ಷಕರು ಇಡೀ ತರಗತಿಯನ್ನು ಹಾಡಿಸಲು ತೊಡಗುತ್ತಾರೆ.