ಗುತ್ತಿಗೆದಾರ ಸರ್ಕಾರವೇ ಆದಾಗ

ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ನಿರ್ವಹಣಾ ತಂತ್ರಾಂಶವಾದ ಯುಯುಸಿಎಂಎಸ್ ಬಗ್ಗೆ ಒಂದು ಹೊಗಳಿಕೆ ಗಟ್ಟಿಯಾಗಿ ಬೇರೂರಿದೆ. ಖಾಸಗಿ ಕಂಪನಿಗಳ ಹಂಗಿನಿಂದ ವಿಶ್ವವಿದ್ಯಾಲಯಗಳನ್ನು ಬಿಡಿಸಿದ, ಸರ್ಕಾರವೇ ಕಟ್ಟಿಸಿದ ಸ್ವಂತ ತಂತ್ರಾಂಶ ಅದು ಎಂಬುದು ಆ ಹೊಗಳಿಕೆ. ಸರ್ವರ್ ಕೈಕೊಟ್ಟಾಗ ಬೈಯುವವರೂ ಈ ಮಾತನ್ನು ಮಾತ್ರ ಕೆದಕುವುದಿಲ್ಲ. ಸಾಂಬ್ರಾಣಿ ಎಂಬ ಹಳ್ಳಿಯಿಂದ ಬಸ್ಸು ಹಿಡಿದು ಹಳಿಯಾಳದ ಪದವಿ ಕಾಲೇಜಿಗೆ ಹೋಗುವ ಹುಡುಗಿಯ ಕಡೆಯಿಂದ ನೋಡಿದರೆ ಅದರ ಬುಡವೇ ಸಡಿಲ.

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಾದ ಎನ್‌ಇಪಿಯ ಬೆನ್ನಿಗೇ ಬಂದು ಪ್ರವೇಶದಿಂದ ಫಲಿತಾಂಶದವರೆಗೆ ಎಲ್ಲವನ್ನೂ ಒಂದೇ ಕಡೆ ತಂದ ಈ ವ್ಯವಸ್ಥೆಯ ಕಥೆ ಓದುಗರಿಗೆ ಗೊತ್ತಿದ್ದದ್ದೇ. ನನ್ನ ತಕರಾರು ಆಂತರಿಕ ಅಂಕ ತುಂಬುವ ಒಂದು ಪುಟದ ಮೇಲೆ.

ಎನ್‌ಇಪಿ ಪದವಿಯ ಥಿಯರಿ ಪತ್ರಿಕೆಯಲ್ಲಿ ಪರೀಕ್ಷೆಗೆ 60, ಆಂತರಿಕಕ್ಕೆ 40. ಈ 40 ಹುಟ್ಟುವುದು ಕಾಲೇಜಿನಲ್ಲೇ. ತುಂಬುವವರು ಪಾಠ ಮಾಡುವವರೇ. ಸರ್ಕಾರಿ ಕಾಲೇಜುಗಳಲ್ಲಿ ಅವರಲ್ಲಿ ಬಹಳ ಮಂದಿ ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ಇರುತ್ತಾರೋ ಇಲ್ಲವೋ. ಕಾಲೇಜಿನ ಲಾಗಿನ್‌ನಿಂದ ಅಂಕಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ. 32 ಬರೆಯುವಲ್ಲಿ 23 ಆಯಿತೆನ್ನಿ. ಪುಟ ಮುಚ್ಚಿದ ಮೇಲೆ ಕಾಲೇಜು ಏನೂ ಮಾಡಲಾರದು, ಧಾರವಾಡದವರು ತೆರೆದುಕೊಡಬೇಕು. ಇಷ್ಟಾದರೆ ಸಹಿಸಬಹುದು. ಆದರೆ ತಪ್ಪು ಅಂಕದ್ದಲ್ಲದೆ ತಂತ್ರಾಂಶದ ನಿಯಮದ್ದಾದರೆ, ಅಂದರೆ ವಿಷಯದ ಕೋಡ್ ಅದಲುಬದಲಾಗಿದ್ದರೆ, ಆಯ್ದುಕೊಂಡ ಓಪನ್ ಎಲೆಕ್ಟಿವ್ ಕಾಣದೇ ಇದ್ದರೆ, ಧಾರವಾಡದ ಕೈಯೂ ಕಟ್ಟಿದ್ದೇ. ತಂತ್ರಾಂಶ ನಡೆಸುವ ಬೆಂಗಳೂರಿನವರಿಗೆ ಬರೆದು ಕಾಯಬೇಕು. ಅಷ್ಟರಲ್ಲಿ ವಿದ್ಯಾರ್ಥಿವೇತನದ ಅರ್ಜಿಯ ದಿನ ಮುಗಿದರೆ ಕೇಳುವವರಿಲ್ಲ.

2000ರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದ ಪ್ರಕಾರ ಪರೀಕ್ಷೆಯ ಹೊಣೆ ಕುಲಸಚಿವರದು (ಮೌಲ್ಯಮಾಪನ). ಅಂಕಪಟ್ಟಿಯ ತಪ್ಪಿಗೆ ಉತ್ತರ ಹೇಳಬೇಕಾದವರೂ ಅವರೇ. ಆ ತಪ್ಪಿನ ಮೂಲವನ್ನು ತಿದ್ದುವ ಅವಕಾಶವನ್ನು ತಂತ್ರಾಂಶ ಅವರ ಲಾಗಿನ್‌ಗೆ ಕೊಟ್ಟಿಲ್ಲ. ಶಾಸನ ಸಭೆ ಕೊಟ್ಟ ಅಧಿಕಾರವನ್ನು, ಯಾವ ತಿದ್ದುಪಡಿ ಮಸೂದೆಯೂ ಇಲ್ಲದೆ, ಒಂದು ಪರದೆ ಕಸಿದುಕೊಂಡಿತು. 2024ರ ಮೇ ತಿಂಗಳಲ್ಲಿ ನಾಲ್ಕು ವರ್ಷದ ಪದವಿ ಬಿಟ್ಟು ಸರ್ಕಾರ ಮೂರು ವರ್ಷಕ್ಕೆ ಮರಳಿದ ಮೇಲಂತೂ ಒಂದೇ ಕಾಲೇಜಿನಲ್ಲಿ ಎರಡು ಬಗೆಯ ನಿಯಮ, ಎರಡು ಬಗೆಯ ಗೊಂದಲ. ಅನುಕೂಲವೇ ಇಲ್ಲವೆಂದಲ್ಲ: ಹಾಲ್ ಟಿಕೆಟ್ ಈಗ ಊರಲ್ಲೇ ಮೊಬೈಲಿಗೆ ಬರುತ್ತದೆ, ಅದನ್ನು ಒಪ್ಪುತ್ತೇನೆ.

ಇನ್ನು ವಿಮರ್ಶಕರು. ಒಂದು ಗುಂಪು ಕಂಪನಿಗಳಿಗೇ ಮರಳಿ ಕೊಡಿ ಎನ್ನುತ್ತದೆ. ಹಳಿಯಾಳದ ಇಂಜಿನಿಯರಿಂಗ್ ಕಾಲೇಜು ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) ಡಿಜಿಟಲ್ ಮೌಲ್ಯಮಾಪನದ ಗುತ್ತಿಗೆ ನಿವೃತ್ತ ನ್ಯಾಯಮೂರ್ತಿಗಳ ವಿಚಾರಣೆವರೆಗೆ ಹೋದದ್ದು ಇವರಿಗೆ ಮರೆತುಹೋಯಿತೇ? ಇನ್ನೊಂದು ಗುಂಪು ವಿಶ್ವವಿದ್ಯಾಲಯದ ಹಳೆಯ ಕಂಪ್ಯೂಟರ್ ವಿಭಾಗಕ್ಕಾಗಿ ಹಲುಬುತ್ತದೆ. ಇವರ ಮೇಲೆ ನನಗೆ ಇನ್ನೂ ಸಿಟ್ಟು. ಫಲಿತಾಂಶ ಆಗಲೂ ತಡವಾಗುತ್ತಿತ್ತು. ಧಾರವಾಡದಲ್ಲಿ ಗುರುತಿದ್ದವರ ಕೆಲಸ ಬೇಗ ಆಗುತ್ತಿತ್ತು, ಕಾಡಂಚಿನ ಸಿದ್ದಿ ಮನೆಯ ಹುಡುಗನದು ಆಗುತ್ತಿರಲಿಲ್ಲ. ಅದನ್ನು ಸ್ವಾಯತ್ತತೆ ಎಂದು ಕರೆಯುವುದು ಸುಳ್ಳು.

ಎರಡೂ ಗುಂಪು ತಂತ್ರಾಂಶದ ಒಡೆಯ ಯಾರು ಎಂದಷ್ಟೇ ಕೇಳುತ್ತವೆ, ತಿದ್ದುವವನು ಎಲ್ಲಿ ಕೂತಿದ್ದಾನೆ ಎಂದು ಕೇಳುವುದಿಲ್ಲ. ಜಮೀನು ದಾಖಲೆಗಳ ತಂತ್ರಾಂಶ ‘ಭೂಮಿ’ಯನ್ನು ನೋಡಿ. ಅದೂ ಸರ್ಕಾರದ್ದೇ, ಕೇಂದ್ರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ಕಟ್ಟಿದ್ದು. ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದರೂ ಕೌಂಟರ್ ತಾಲ್ಲೂಕು ಕಚೇರಿಯಲ್ಲೇ ಉಳಿಯಿತು. ಸಾಂಬ್ರಾಣಿಯ ರೈತ ಹೆಸರು ತಪ್ಪಾಗಿದೆ ಎಂದು ಅರ್ಜಿ ಕೊಡುವುದು ಹಳಿಯಾಳದಲ್ಲಿ, ಕಣ್ಣೆದುರು ಕೂತ ಅಧಿಕಾರಿಗೆ. ಅಲ್ಲಿಯೂ ಅಲೆದಾಟ ಉಂಟು, ಆದರೆ ಯಾರನ್ನು ಕೇಳಬೇಕೆಂಬುದು ಗೊತ್ತು. ರೈತನಿಗೆ ಸಿಕ್ಕ ಈ ಸೌಲಭ್ಯ ಅವನ ಮಗಳಿಗೆ ಸಿಗಲಿಲ್ಲ.

ಯುಯುಸಿಎಂಎಸ್ ರದ್ದಾಗಬೇಕಿಲ್ಲ. ವಿಷಯ, ಕೋಡ್, ನಿಯಮಗಳನ್ನು ತಿದ್ದುವ ಅಧಿಕಾರ ಕುಲಸಚಿವರ ಲಾಗಿನ್‌ಗೆ ಬರಬೇಕು, ಅದನ್ನು ಬಳಸಬಲ್ಲ ಕಾಯಂ ತಂತ್ರಜ್ಞರು ಧಾರವಾಡದಲ್ಲೇ ಇರಬೇಕು. ಅಲ್ಲಿಯವರೆಗೆ ಇದು ವಿಶ್ವವಿದ್ಯಾಲಯದ ಪಾಲಿಗೆ ಹೊರಗುತ್ತಿಗೆಯೇ, ಅದೂ ಕೆಟ್ಟ ಹೊರಗುತ್ತಿಗೆ: ಖಾಸಗಿಯವರಾದರೆ ಕರಾರಿನಲ್ಲಿ ದಂಡದ ಷರತ್ತು ಹಾಕಬಹುದಿತ್ತು, ಸರ್ಕಾರಕ್ಕೆ ವಿಶ್ವವಿದ್ಯಾಲಯ ದಂಡ ಹಾಕಲಾರದು.